ಹಿಂದಿನ ಸೀಟಿನಲ್ಲಿ ಯಾರು?

ಬೆಳಿಗ್ಗೆ ಏಳೂವರೆಗೆ ಹಾಲಿನ ವ್ಯಾನಿನವನು ತಿರುವಿನಲ್ಲಿ ಬಿದ್ದಿದ್ದ ಬೈಕನ್ನು ಕಂಡ. ಪಕ್ಕದಲ್ಲೇ ಹತ್ತೊಂಬತ್ತರ ಹುಡುಗಿ. ಹೆಲ್ಮೆಟ್ ತಲೆಯಲ್ಲೇ ಇತ್ತು, ಉಸಿರಿರಲಿಲ್ಲ. ಲೈಸೆನ್ಸು ಕೈಗೆ ಬಂದು ಒಂಬತ್ತೇ ದಿನ.

ಅವಳನ್ನು ಪಾಸು ಮಾಡಿದವನು ಲೈಸೆನ್ಸ್ ಕಚೇರಿಯ ಪರೀಕ್ಷಕ. ಬೈಕಿನಲ್ಲಿ ಎಂಟು ಹಾಕಿಸಿ ಹಾಕಿಸಿ ಕಲಿಯುವವರ ಬಾಯಲ್ಲಿ 'ಎಂಟಪ್ಪ'ನಾಗಿದ್ದ. ಈಗ ಊರೆಲ್ಲ ಒಂದೇ ಮಾತು — ಕಣ್ಣು ಮುಚ್ಚಿಕೊಂಡು ಪಾಸು ಮಾಡಿದ್ದಾನೆ. ಅವನಿಗೂ ಅದೇ ಭಯ. ದಿನಾ ಬೆಳಿಗ್ಗೆ ಖಾಲಿ ಪರೀಕ್ಷಾ ಮೈದಾನದಲ್ಲಿ ಬೈಕೊಂದು ಎಂಟು ಹಾಕುವ ಸದ್ದು ಕೇಳಿಸುತ್ತಿತ್ತು. ಕಿಟಕಿ ತೆರೆದರೆ ಯಾರೂ ಇಲ್ಲ. ಈ ವಿಷಯ ಅವನು ಯಾರ ಬಳಿಯೂ ಬಾಯಿ ಬಿಟ್ಟಿರಲಿಲ್ಲ.

ಐದನೆಯ ದಿನ ತಡೆಯಲಾರದೆ ಠಾಣೆಗೆ ಹೋದ.

"ಗಾಡಿ ಯಾವ ಪಕ್ಕಕ್ಕೆ ಬಿದ್ದಿತ್ತು?"

"ಬಲಕ್ಕೆ. ಪೂರ್ತಿ ಉಜ್ಜಿದೆ ನೋಡಿ," ಎಂದ ಕಾನ್‌ಸ್ಟೇಬಲ್. "ಹೊಸಬಳು, ತಿರುವಲ್ಲಿ ಬ್ಯಾಲೆನ್ಸ್ ತಪ್ಪಿದೆ. ಹೊಟ್ಟೆಯೊಳಗೆ ರಕ್ತ ಸೋರಿತ್ತಂತೆ. ಅರ್ಧ ಗಂಟೆ ಮುಂಚೆ ಯಾರಾದ್ರೂ ಆಸ್ಪತ್ರೆಗೆ ಸೇರಿಸಿದ್ರೆ ಉಳೀತಿದ್ಲು, ಪಾಪ."

"ನೀವೇನಾದ್ರೂ ಮುಟ್ಟಿದ್ರಾ?"

"ಎತ್ತಿ ತಂದು ನಿಲ್ಲಿಸಿದ್ದಷ್ಟೇ."

ಪರೀಕ್ಷಕ ಬೈಕಿನ ಎಡಗಡೆಗೆ ಬಂದು ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ಏಳಲಿಲ್ಲ.

ಅಲ್ಲಿಂದ ನೇರ ಹುಡುಗಿಯ ಮನೆಗೆ ಹೋದ. ಅವಳ ತಾಯಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅವನಿಗೆ ಕುರ್ಚಿ ತೋರಿಸಿ, ತಾನು ಇನ್ನೊಂದರ ಅಂಚಿನಲ್ಲಿ ಕೂತಳು.

"ಅವತ್ತು ಮಗಳು ಒಬ್ಬಳೇ ಹೋದಳಾ?"

"ಒಬ್ಬಳೇ."

"ನೀವು?"

"ಕೆಲಸಕ್ಕೆ. ದಿನಾ ನಡ್ಕೊಂಡೇ ಹೋಗೋದು."

"ಬೆನ್ನು ನೋವಾ, ಅಮ್ಮಾ? ಒರಗ್ತಾನೇ ಇಲ್ವಲ್ಲ?"

ಅವಳು ಸೆರಗನ್ನು ಬೆನ್ನಿನ ಮೇಲೆ ಎಳೆದುಕೊಂಡಳು. ಆಮೇಲೆ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಆ ಗಾಡಿ ಸದ್ದು... ನಿಮಗೂ ಕೇಳಿಸುತ್ತಾ?"

ಪರೀಕ್ಷಕ ಬೆಚ್ಚಿ ಕಿಟಕಿಯತ್ತ ನೋಡಿದ. ಸಾವರಿಸಿಕೊಂಡು ಹೇಳಿದ:

"ಹೊಸ ನಿಯಮ ನಿಮಗೆ ಗೊತ್ತಲ್ಲ — ಲೈಸೆನ್ಸು ಸಿಕ್ಕ ಮೊದಲ ವರ್ಷ ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ. ಹಿಂದಿನವರು ಕಾಲಿಡೋ ಫುಟ್‌ರೆಸ್ಟ್ ಎರಡನ್ನೂ ಪರೀಕ್ಷೆ ದಿನ ನಾನೇ ಮಡಚಿಸಿದ್ದೆ. ಈಗ ಎಡಗಡೆಯದು ಮಾತ್ರ ಬಿಚ್ಚಿದೆ. ಅದು ಬಲು ಬಿಗಿ, ತಾನಾಗಿ ಬಿಚ್ಚಲ್ಲ. ಗಾಡಿ ಬಿದ್ದಿದ್ದು ಬಲಕ್ಕೆ. ಎಡಗಡೆ ಒಂದು ಗೀರೂ ಇಲ್ಲ. ಪೊಲೀಸರು ಉಜ್ಜಿದ ಪಕ್ಕ ನೋಡಿದ್ರು, ಈ ಪಕ್ಕ ನೋಡಲಿಲ್ಲ. ಒಂದನ್ನೇ ಬಿಚ್ಚೋರು ಯಾರು? ಎರಡೂ ಕಾಲು ಎಡಕ್ಕೆ ಹಾಕಿ ಅಡ್ಡ ಕೂರೋರು. ಗಾಡಿ ಬಲಕ್ಕೆ ಬಿದ್ರೆ ಅಂಥವರು ಬೆನ್ನಿನ ಮೇಲೆ ಬೀಳ್ತಾರೆ. ಹಿಂದೆ ಕೂತಿದ್ದು ನೀವು, ಅಮ್ಮಾ. ಅವಳನ್ನ ಅಲ್ಲೇ ಬಿಟ್ಟು ಹೋದವರೂ ನೀವೇ."

ತಾಯಿ ಅಲ್ಲಗಳೆಯಲಿಲ್ಲ.

"ತಡ ಆಗಿತ್ತು. ಬಾಮ್ಮ, ಇವತ್ತೊಂದು ದಿನ ಬಿಡ್ತೀನಿ ಅಂದ್ಳು. ತಿರುವಲ್ಲಿ ನಾನೇ ಹೆದರಿ ಅವಳ ಭುಜ ಹಿಡ್ಕೊಂಡು ಎಳೆದುಬಿಟ್ಟೆ. ಬಿದ್ದಮೇಲೆ ಎದ್ದು ಕೂತಿದ್ಲು ಸಾರ್! ನಂಗೇನೂ ಆಗಿಲ್ಲ, ಯಾರಾದ್ರೂ ನೋಡಿದ್ರೆ ಲೈಸೆನ್ಸು ರದ್ದು ಮಾಡ್ತಾರೆ, ನೀನು ಮೊದ್ಲು ಹೊರಡು ಅಂತ ತಳ್ಳಿದ್ಲು."

ಅವನ ಎದೆಯ ಮೇಲಿನ ಭಾರ ಇಳಿಯಿತು. ಹುಡುಗಿಗೆ ಬೈಕ್ ಓಡಿಸಲು ಬರುತ್ತಿತ್ತು. ಪಾಸು ಮಾಡಿದ್ದು ತಪ್ಪಲ್ಲ. ಹಗುರಾಗಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಅಷ್ಟಕ್ಕೇ ಬಿಟ್ಟು ಹೋದ್ರಾ? ಲೈಸೆನ್ಸು ಹೋದ್ರೆ ಮತ್ತೆ ಪರೀಕ್ಷೆ ಕೊಡಬಹುದಿತ್ತಲ್ಲ?"

ತಾಯಿ ಮೊದಲ ಬಾರಿಗೆ ಅವನ ಮುಖ ನೋಡಿದಳು.

"ಮೂರು ಸಲ ಫೇಲ್ ಮಾಡಿದ್ರಿ ಸಾರ್. ಎಲ್ಲರೆದುರು ಬೈದು ಕಳ್ಸಿದ್ರಿ. ಇನ್ನೊಂದ್ಸಲ ನಿಮ್ಮ ಮುಂದೆ ಬಂದು ನಿಲ್ಲೋಕೆ ಹೆದರ್ತಿದ್ಲು, ಅಷ್ಟೇ."

ಪರೀಕ್ಷಕ ಏಳಹೋದವನು ಮತ್ತೆ ಕುರ್ಚಿಯಲ್ಲಿ ಕೂತ.