ತಿಲವಳ್ಳಿ ದಾಟಿ ನಿಂತ ಲಾರಿ

ತಿಲವಳ್ಳಿ ದಾಟಿ ಸ್ವಲ್ಪ ದೂರ ಬಂದಿದ್ದರಷ್ಟೆ. ಹೂವಪ್ಪ ಒಮ್ಮೆಲೇ ಇಂಜಿನ್ ಬಂದ್ ಮಾಡಿ, ಲಾರಿಯನ್ನು ರಸ್ತೆಯ ಬದಿಗೆ ಉರುಳಬಿಟ್ಟು ನಿಲ್ಲಿಸಿದ. ಹಿಂದೆ ಕುಳಿತು ಹಾಡುತ್ತಿದ್ದ ಹೆಂಗಸರ ದನಿಯೂ ಅಲ್ಲಿಗೇ ನಿಂತಿತು.

"ಯಾಕ ನಿಂದರಸಿದಿ?" ಎಂದಳು ಅಡಿವೆವ್ವ.

ಮದುಮಗಳು ಹೀಗೆ ಬಾಯಿ ಮಾಡಬಾರದೆಂದು ಅವ್ವ ಭರಮವ್ವ ಮೊಣಕೈಯಿಂದ ತಿವಿದಳು. ಡ್ರೈವರನ ಪಕ್ಕದ ಸೀಟಿನಲ್ಲಿ ತಾಯಿ ಮಗಳು ಇಕ್ಕಟ್ಟಾಗಿ ಕುಳಿತಿದ್ದರು. ಅಡಿವೆವ್ವನ ಕೈತುಂಬ ಹಸಿರು ಬಳೆ, ಕೆನ್ನೆಯ ಮೇಲೆ ಆರದ ಅರಿಷಿಣ. ಹಂಸಭಾವಿಯಲ್ಲಿ ಗಂಡಿನ ಅಪ್ಪ ಗಿರಿಯಪ್ಪನ ಮನೆಯ ಹಂದರದಲ್ಲಿ ಅಂದು ಆಕೆಯ ತಲೆಯ ಮೇಲೆ ಅಕ್ಕಿಕಾಳು ಬೀಳಬೇಕಿತ್ತು.

ಹೂವಪ್ಪ ಆಕೆಯ ಕಡೆ ನೋಡದೆ ಮೀಟರಿನತ್ತ ಬೆರಳು ಮಾಡಿದ. "ಎಣ್ಣಿ ಮುಳ್ಳು ಪೂರಾ ಕೆಳಗಿಳದೈತಿ. ಇನ್ನ ಮುಂದ ಹೋದ್ರ ಇಂಜಿನ್ ಹಿಡಕೊಂಡು ಬಿಡ್ತೈತಿ."

"ನಿನ್ನೆ ಅಲ್ಲೇನು ಎಣ್ಣಿ ಬದ್ಲಿ ಮಾಡಿದ್ದು? ನಾ ಕಣ್ಣಾರೆ ನೋಡೇನಿ."

ಅವನು ಇಳಿದು ಲಾರಿಯ ಅಡಿಗೆ ತೆವಳಿದ. ಹಿಂದೆ ಬಂದ ದಾರಿಯುದ್ದಕ್ಕೂ ಧೂಳಿನ ಮೇಲೆ ಕಪ್ಪು ಎಣ್ಣೆಯ ಗೆರೆ ಬಿದ್ದಿತ್ತು.

ಆಕೆ ಕಣ್ಣಾರೆ ನೋಡಿದ್ದು ನಿಜ. ಹಾನಗಲ್ಲಿನಲ್ಲಿ ಅಡಿವೆವ್ವನ ಅಪ್ಪ ಪರಮೇಶಪ್ಪನ ಚುರುಮುರಿ ಭಟ್ಟಿಯ ಎದುರಿಗೇ ಅಲ್ಲಾಭಕ್ಷನ ಗ್ಯಾರೇಜು. ಯುದ್ಧಕಾಲದ ಈ ಹಳೆಯ ಲಾರಿಯೂ ಅಲ್ಲಾಭಕ್ಷನದೇ. ಹೂವಪ್ಪ ಅಲ್ಲಿನ ಮಿಸ್ತ್ರಿ, ಬೇಕಾದಾಗ ಡ್ರೈವರ್.

ಮಧ್ಯಾಹ್ನ ಭಟ್ಟಿಯ ಬೆಂಕಿ ತಣ್ಣಗಾಗುವ ಹೊತ್ತಿಗೆ ಹೂವಪ್ಪ ರಸ್ತೆ ದಾಟಿ ಬರುತ್ತಿದ್ದ. ಎಣ್ಣೆಗೈ ಸೋಕದಂತೆ ಅಂಗಿಯ ಉಡಿಯನ್ನೇ ಚಾಚುತ್ತಿದ್ದ. ಅಡಿವೆವ್ವ ಬಿಸಿ ಚುರುಮುರಿ ಸುರಿದು, ಮೇಲೊಂದು ಹಸಿಮೆಣಸಿನಕಾಯಿ ಇಡುತ್ತಿದ್ದಳು.

"ಖಾರಿಲ್ಲದ್ದು ಕೊಡು."

"ಖಾರಿಲ್ಲದ ಮೆಣಸಿನಕಾಯಿ ನಮ್ಮಲ್ಲಿ ಇಲ್ಲ."

"ಮಾಲಕರು ಹೆಂಗೋ ಮಾಲು ಹಂಗ."

ಅಷ್ಟು ಹೇಳಿ ಒಂದು ಸಲ ಕಣ್ಣೆತ್ತಿ ನೋಡುತ್ತಿದ್ದ, ಆಮೇಲೆ ತನ್ನ ಕಾಲು ನೋಡಿಕೊಳ್ಳುತ್ತ ಹೊರಟುಬಿಡುತ್ತಿದ್ದ. ಆ ಒಂದು ನೋಟದ ಮುಂದೆ ಏನಾದರೂ ಮಾತು ಬಂದೀತೆಂದು ಆಕೆ ಎಷ್ಟೋ ಮಧ್ಯಾಹ್ನ ಕಾದಿದ್ದಳು. ಬರಲಿಲ್ಲ. ಬಂದದ್ದು ಹಂಸಭಾವಿಯ ಸಂಬಂಧ.

ಈಗ ರಸ್ತೆಯಲ್ಲಿ ಗದ್ದಲವೆದ್ದಿತು. ಲಾರಿಯಲ್ಲಿ ಬೇರೆ ಎಣ್ಣೆಯ ಡಬ್ಬಿ ಇರಲಿಲ್ಲ, ಹಿರೇಕೆರೂರಿನ ಬಸ್ಸು ಆಗಲೇ ಹೋಗಿತ್ತು. ಪರಮೇಶಪ್ಪ ಹತ್ತಿರದ ಹೊಲದವರ ಕೈಕಾಲು ಹಿಡಿದು ಒಂದು ಚಕ್ಕಡಿ ಹೊಂದಿಸಿದ. ಮಗಳು, ಹೆಂಡತಿಯನ್ನು ಹತ್ತಿಸಿಕೊಂಡು ಎತ್ತುಗಳನ್ನು ಹೊಡೆದೇ ಹೊಡೆದ. ಎತ್ತುಗಳಿಗೆ ಮುಹೂರ್ತದ ಪರಿವೆ ಎಲ್ಲಿಯದು? ಹೊತ್ತು ನೆತ್ತಿಯ ಮೇಲೆ ಬಂತು, ಇಳಿಯಿತು.

ಹಂಸಭಾವಿ ಇನ್ನೂ ದೂರವಿರುವಾಗಲೇ ಎದುರಿಗೆ ಸೈಕಲ್ಲಿನ ಮೇಲೆ ಒಬ್ಬ ಬಂದ. ಹಣೆಯ ಮೇಲೆ ಮದುವೆಮನೆಯ ಕುಂಕುಮವಿತ್ತು. ಚಕ್ಕಡಿಯಲ್ಲಿ ಮದುಮಗಳನ್ನು ಕಂಡು ಕೆಳಗಿಳಿದ.

"ನೀವು ಹಾನಗಲ್ಲವರೇನ್ರಿ? ಇನ್ನ ಹೋಗಬ್ಯಾಡ್ರಿ. ಮುಹೂರ್ತ ತಪ್ಪಬಾರದು ಅಂತ ಗಿರಿಯಪ್ಪ ತನ್ನ ತಂಗಿ ಮಗಳನ್ನ ಕುಂದ್ರಿಸಿ ಮಗನ ಮದುವಿ ಮುಗಿಸಿಬಿಟ್ಟ. ಆ ಹುಡುಗಿನ್ನ ತರಬೇಕಂತ ಅವರ ಮನ್ಯಾಗ ಮದ್ಲ ಇತ್ತಂತ ಬಿಡ್ರಿ."

ಭರಮವ್ವ ಎದೆ ಬಡಿದುಕೊಂಡು ಅಳತೊಡಗಿದಳು. ಪರಮೇಶಪ್ಪನ ಕೈಯಿಂದ ಬಾರುಕೋಲು ಜಾರಿತು. ಅಡಿವೆವ್ವ ಅಳಲಿಲ್ಲ. ಹಂಸಭಾವಿಯ ಆ ಹುಡುಗನ ಮುಖ ಕೂಡ ಆಕೆಗೆ ಸರಿಯಾಗಿ ನೆನಪಿರಲಿಲ್ಲ. ಆದರೆ ಅರಿಷಿಣ ಹಚ್ಚಿಕೊಂಡು ನಡುರಸ್ತೆಯಲ್ಲಿ ಕುಳಿತ ತನ್ನನ್ನು ಸೈಕಲ್ಲಿನವನು ಕನಿಕರದಿಂದ ನೋಡಿದನಲ್ಲ, ಅದು ಬೆಂಕಿಯಂತೆ ಮೈಗೆ ಹತ್ತಿತು.

"ಹೊಳ್ಳಸ್ರಿ ಗಾಡಿ," ಎಂದಳು.

ಸಂಜೆಗೆ ಲಾರಿಯ ಬಳಿ ಬಂದಾಗ ಹೂವಪ್ಪ ಎಲ್ಲಿಂದಲೋ ಎಣ್ಣೆ ತರಿಸಿ, ಬೋಲ್ಟು ಬಿಗಿದು ನಿಂತಿದ್ದ. ನಡೆದದ್ದನ್ನು ಕೇಳಿ ಅವನ ಮುಖ ಬಿಳಿಚಿತು. ಅಡಿವೆವ್ವ ಚಕ್ಕಡಿಯಿಂದ ಧುಮುಕಿದಳು.

"ಏನಾಗಿತ್ತು ಅದಕ್ಕ?"

ಅವನು ಅಂಗೈ ಬಿಚ್ಚಿದ. ಎರಡು ತಾಮ್ರದ ವಾಷರುಗಳಿದ್ದವು. ಒಂದು ಹೊಳೆಯುತ್ತಿತ್ತು, ಇನ್ನೊಂದು ಕರ್ರಗೆ ತೆಳ್ಳಗಾಗಿತ್ತು.

"ಎಣ್ಣಿ ಇಳಸೋ ಬೋಲ್ಟಿಗೆ ಒಂದ ವಾಷರ್ ಇರಬೇಕು. ಹಳೇದು ಮ್ಯಾಲೆ ಅಂಟಿಕೊಂಡಿತ್ತು. ಅದನ್ನ ಕಿತ್ತು, ಜಾಗಾ ಒರಸಿ, ಹೊಸಾದು ಕುಂದ್ರಸಬೇಕಿತ್ತು. ನಾ ನೋಡದ ಹಳೇದರ ಮ್ಯಾಲೆ ಹೊಸಾದು ಹಾಕಿ ಬಿಗದೇನಿ. ಸರಿ ಕುಂದರಲಿಲ್ಲ. ಗಾಡಿ ನಡಗಿದಂಗ ಬೋಲ್ಟ್ ಸಡ್ಲಾತು."

"ನೀ ನೋಡಲಿಲ್ಲ? ಕತ್ತಲದಾಗ ಬೋಲ್ಟ್ ಬಿಚ್ಚಾಂವ ನೀ, ಹಾಡಹಗಲ ನೋಡಲಿಲ್ಲ? ಬೇಕಂತ ಮಾಡಿದಿ!"

"ಇಲ್ಲ ಅಡಿವೆವ್ವ..."

ಅವನ ಮಾತು ಮುಗಿಯುವ ಮೊದಲೇ ಪರಮೇಶಪ್ಪ ಅವನ ಕಪಾಳಕ್ಕೆ ಹೊಡೆದ. ಹೂವಪ್ಪ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಎಲ್ಲರನ್ನೂ ಲಾರಿಗೆ ಹತ್ತಿಸಿಕೊಂಡು ಊರಿಗೆ ತಂದು ಬಿಟ್ಟ. 

ಹಾನಗಲ್ಲಿನ ಬಾಯಲ್ಲಿ ಮರುದಿನದಿಂದ ಒಂದೇ ಸುದ್ದಿ: ಹುಡುಗಿಯ ಮೇಲಿನ ಆಸೆಗೆ ಹೂವಪ್ಪ ಬೇಕೆಂದೇ ಲಾರಿ ಕೆಡಿಸಿದ. ಚುರುಮುರಿಗೆ ಬಂದ ಹೆಂಗಸರು ಸೇರು ತುಂಬುವವರೆಗೂ ಆಕೆಯ ಮುಖವನ್ನೇ ನೋಡುತ್ತಿದ್ದರು. ಅಲ್ಲಾಭಕ್ಷ ಮನೆಗೇ ಬಂದು, "ಆ ಹುಡುಗ ಇಂಜಿನ್ನಿಗೆ ದ್ರೋಹ ಮಾಡಾಂವ ಅಲ್ಲ, ನಾ ಗ್ಯಾರಂಟಿ," ಎಂದ. ಪರಮೇಶಪ್ಪ ಅವನಿಗೆ ಕುಳಿತುಕೊಳ್ಳಲು ಹೇಳಲಿಲ್ಲ.

ಅಡಿವೆವ್ವ ಮೊರದಲ್ಲಿ ಚುರುಮುರಿ ಹಾರಿಸುತ್ತ ಹೂವಪ್ಪನನ್ನು ಬಾಯಿತುಂಬ ಬೈದಳು. ಅವ್ವನ ಎದುರು ಬೈದಳು, ಭಟ್ಟಿಯ ಎದುರು ಬೈದಳು. ಆದರೆ ಬೈಗುಳದ ನಡುವೆ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ತನ್ನನ್ನು ಬಿಟ್ಟುಕೊಡಲಾರದೆ ಒಬ್ಬ ಗಂಡಸು ಅಷ್ಟು ದೊಡ್ಡ ತಪ್ಪು ಮಾಡಿದನೆ? ಹಾಗೆ ಅಂದುಕೊಂಡಾಗ ಎದೆಯೊಳಗೆ ಏನೋ ಬೆಚ್ಚಗಾಗುತ್ತಿತ್ತು. ಬೆಚ್ಚಗಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಹೂವಪ್ಪ ಚುರುಮುರಿಗೆ ಬರುವುದನ್ನು ಬಿಟ್ಟಿದ್ದ. ಕಡೆಗೆ ಒಂದು ಶುಕ್ರವಾರ, ಅಲ್ಲಾಭಕ್ಷ ನಮಾಜಿಗೆ ಹೋದದ್ದನ್ನು ನೋಡಿ, ಆಕೆಯೇ ತಲೆಯ ಮೇಲಿನ ಹೊಟ್ಟನ್ನೂ ಕೊಡವದೆ ರಸ್ತೆ ದಾಟಿದಳು.

ಹೂವಪ್ಪ ಲಾರಿಯ ಪಕ್ಕ ಕುಳಿತು ಏನನ್ನೋ ಉಜ್ಜುತ್ತಿದ್ದ. ಆಕೆಯನ್ನು ಕಂಡು ಎದ್ದು ನಿಂತ.

"ನಿಜಾ ಹೇಳು. ಬೇಕಂತ ಮಾಡಿದಿ ಹೌದಿಲ್ಲೋ?"

"ಇಲ್ಲ."

"ಊರೆಲ್ಲಾ ಹೌದು ಅಂತೈತಿ."

"ಊರು ಅನ್ಲಿ. ನಮ್ಮವ್ವನ ಆಣಿ ಮಾಡಿ ಹೇಳ್ತೇನಿ, ಬೇಕಂತ ಮಾಡಿಲ್ಲ. ತಪ್ಪಾತು."

ಈ ಮಾತು ಕೇಳಿದರೆ ಮನಸ್ಸು ಹಗುರಾದೀತೆಂದು ಆಕೆ ತಿಳಿದಿದ್ದಳು. ಹಾಗಾಗಲಿಲ್ಲ. ಬೆಚ್ಚಗಿದ್ದದ್ದು ಒಮ್ಮೆಲೇ ಆರಿಹೋಗಿ, ಆ ಜಾಗದಲ್ಲಿ ಹಿಂದಿನದಕ್ಕಿಂತ ದೊಡ್ಡ ಸಿಟ್ಟು ಎದ್ದು ಕುಳಿತಿತು.

"ಅಂದ್ರ, ಆ ವಾಷರ್ ಸರಿ ಕುಂತಿದ್ರ, ನೀ ನನ್ನ ಹಂಸಭಾವಿಗೆ ಒಯ್ದು ಬಿಡಾಂವಿದ್ದಿ."

ಅವನು ತನ್ನ ಕಾಲು ನೋಡಿಕೊಂಡ.

"ಹೇಳು! ಅವರ ಮನಿ ಮುಂದ ಇಳಿಸಿ, ಲಾರಿ ಹೊಳ್ಳಿಸಿಕೊಂಡು ಬರಾಂವಿದ್ದಿ."

"ಹೂಂ."

"ಮದುವಿ ಊಟಾನೂ ಮಾಡಿ ಬರಾಂವಿದ್ಯೋ?"

"ಊಟಾ ಮಾಡ್ತಿದ್ದಿಲ್ಲ," ಎಂದ ಹೂವಪ್ಪ, ತೀರ ಸಣ್ಣ ದನಿಯಲ್ಲಿ.

ಅಡಿವೆವ್ವ ಕೈಗೆ ಸಿಕ್ಕ ಒರೆಸುವ ಅರಿವೆಯನ್ನು ಅವನ ಮುಖಕ್ಕೆ ಎಸೆದಳು. "ಬೇಕಂತ ಮಾಡಿದ್ರ ಬೈದು ಸುಮ್ನಾಗ್ತಿದ್ದೆ. ಇದಕ್ಕ ಏನಂತ ಬೈಲಿ? ದಿನಾ ಬರ್ತಿದ್ದಿ, ಉಡಿ ಒಡ್ಡತಿದ್ದಿ, ನನ್ನ ಮುಖಾ ನೋಡ್ತಿದ್ದಿ. ಒಂದು ದಿನಾನಾರ ಬಾಯಿ ಬಿಟ್ಟಿ?"

"ನಾ ಯಾರು ಬಾಯಿ ಬಿಡಾಕ? ಹಂಸಭಾವಿಯವರಿಗೆ ಹೊಲಾ ಐತಿ, ಎತ್ತು ಅದಾವ. ನೀ ಹೂಂ ಅಂದಿ ಅಂತ ಊರಾಗ ಹೇಳಿದ್ರು."

"ನನ್ನ ಯಾರು ಕೇಳಿದ್ರು ಹೂಂ ಅನ್ನಾಕ? ಅಪ್ಪ ಕೇಳಲಿಲ್ಲ. ಅವ್ವ ಕೇಳಲಿಲ್ಲ. ನೀನಾರ ಕೇಳ್ತಿ ಅಂತ ಕಾದೆ. ನೀ ಸ್ಟೇರಿಂಗ್ ಹಿಡಕೊಂಡು ನನ್ನ ಕಳಸಾಕ ಬಂದಿ!"

ಹೂವಪ್ಪ ಎಸೆದ ಅರಿವೆಯನ್ನು ಎತ್ತಿಕೊಂಡು ಕೈ ಒರೆಸಿಕೊಳ್ಳುತ್ತ ನಿಂತ. ಎಷ್ಟು ಒರೆಸಿದರೂ ಕಪ್ಪು ಹೋಗುತ್ತಿರಲಿಲ್ಲ.

"ಅವತ್ತು ಬೋಲ್ಟ್ ಬಿಚ್ಚಿ ಎಣ್ಣಿ ಇಳಸಾಕತ್ತಿದ್ದೆ," ಎಂದ. "ಆಗ ನಿಮ್ಮಪ್ಪ ಬಂದು, ನಾಳೆ ನಮ್ಮ ಅಡಿವೆವ್ವನ ಮದುವಿಗೆ ಈ ಲಾರಿನ ಬೇಕು ಅಂದ. ನಾಳೇನ ಅಂತ ನನಗ ಗೊತ್ತಿದ್ದಿಲ್ಲ. ಆಮ್ಯಾಲೆ ಕೈ ಏನು ಮಾಡ್ತೋ, ಕಣ್ಣು ಎಲ್ಲಿತ್ತೋ. ಬಿಗದೆ, ಎಣ್ಣಿ ಸುರದೆ. ಹಳೇ ವಾಷರ್ ಬಿತ್ತೋ ಇಲ್ಲೋ ಅಂತ ಕೆಳಗ ನೋಡಬೇಕಿತ್ತು. ನೋಡಲಿಲ್ಲ."

"ಮತ್ತ ನೀನ ಯಾಕ ಲಾರಿ ಹೊಡಕೊಂಡು ಬಂದಿ? ಅಲ್ಲಾಭಕ್ಷ ಸಾಹೇಬ್ರಿಗೆ ಹೇಳಿ ಬಿಡಬೇಕಿತ್ತು."

"ಸಾಹೇಬ್ರ ಕೈ ಭಾಳ ಒರಟು. ಗುಂಡಿ ನೋಡಂಗಿಲ್ಲ. ನಿನಗ ಧಡಕಿ ಹತ್ತಬಾರದು ಅನಸ್ತು."

ಅಡಿವೆವ್ವ ಕೈಯ ಬಳೆ ನೋಡಿಕೊಂಡಳು. ಆ ದಿನ ತಿಲವಳ್ಳಿಯವರೆಗೂ ತನ್ನ ಕೈಯ ಒಂದು ಬಳೆಯೂ ಇನ್ನೊಂದಕ್ಕೆ ಜೋರಾಗಿ ತಾಗಿರಲಿಲ್ಲ. ಕಣ್ಣು ತುಂಬಿ ಬಂದವು. ಅದಕ್ಕೂ ಸಿಟ್ಟು ಬಂತು.

"ಹುಚ್ಚ," ಎಂದಳು. "ಶುದ್ಧ ಹುಚ್ಚ."

"ಅಡಿವೆವ್ವ, ನನಗ ನೀ ಅಂದ್ರ..."

"ಈಗ ಹೇಳಬ್ಯಾಡ! ಯಾರೂ ಇಲ್ಲದಾಗ ಹೇಳಾಕ ಬಂದ. ಊರ ಮಂದಿ ಮುಂದ ನನ್ನ ಮಾನ ಹೋಗೈತಿ. ಮಂದಿ ಮುಂದನ ಹೇಳು. ಸೋಮವಾರ ನಿಮ್ಮವ್ವನ್ನ ಕರಕೊಂಡು ಬಾ. ಬರ್ಲಿಲ್ಲಂದ್ರ ಈ ಜನ್ಮದಾಗ ನನ್ನ ಮುಖಾ ನೋಡಬ್ಯಾಡ."

ಸೋಮವಾರ ಅವನು ಬಂದ. ಅವನ ಅವ್ವ ಹೊಳೆವ್ವ, ಅಲ್ಲಾಭಕ್ಷ, ಓಣಿಯ ಹಿರಿಯರಿಬ್ಬರು ಜೊತೆಗಿದ್ದರು. ಹೂವಪ್ಪ ಕೈಗಳನ್ನು ಕೆಂಪಗಾಗುವಷ್ಟು ತಿಕ್ಕಿ ತೊಳೆದುಕೊಂಡು ಬಂದಿದ್ದ. ಪಡಸಾಲೆಯಲ್ಲಿ ಪರಮೇಶಪ್ಪ ಅವರಿಗೆ ಬೆನ್ನು ಕೊಟ್ಟು ಕುಳಿತಿದ್ದ. ಹೊಳೆವ್ವ ಬಂದ ವಿಷಯ ಹೇಳಿ ಮುಗಿಸಿದ ಮೇಲೆಯೇ ಅವನು ತಿರುಗಿದ್ದು.

ತಿರುಗಿದಾಗ ಅವನ ಕಣ್ಣು ಕೆಂಪಾಗಿದ್ದವು.

"ಬೇಕಂತ ಮಾಡಿದ್ರ ನೀ ಕೇಡಿ. ನೋಡದ ಮಾಡಿದ್ರ ಕೆಲಸಗೇಡಿ. ಇಬ್ಬರಾಗ ಯಾರಿಗೆ ಕೊಡ್ಲಿ ನನ್ನ ಮಗಳನ್ನ?"

ಅಲ್ಲಾಭಕ್ಷ ಏನೋ ಹೇಳಲು ಹೋದ. ಹೂವಪ್ಪ ಅವನನ್ನು ಕೈಯಿಂದ ತಡೆದ.

"ಕೆಲಸಗೇಡಿಗೆ ಕೊಡ್ರಿ," ಎಂದ. "ಆ ಒಂದು ಕೆಲಸಾ ನಾ ಕೆಡಿಸಿದ್ದು ಖರೆ. ನಿಮ್ಮ ಮಾನ ಹೋಗಾಕ ನಾನ ಕಾರಣ. ಹೊಡದ್ರಿ, ಹೊಡಸಿಕೊಂಡೆ. ಇನ್ನ ಹೊಡೀರಿ. ಆದ್ರ ಬೇಕಂತ ಮಾಡೇನಿ ಅಂತ ಮಾತ್ರ ನನ್ನ ಬಾಯಿಲೆ ಬರಂಗಿಲ್ಲ."

ಒಳಗಿನ ಬಾಗಿಲಲ್ಲಿ ನಿಂತಿದ್ದ ಅಡಿವೆವ್ವ ಅವ್ವನ ಕೈ ಬಿಡಿಸಿಕೊಂಡು ಪಡಸಾಲೆಗೆ ಬಂದಳು. ಹಿರಿಯರು ಮುಖಮುಖ ನೋಡಿಕೊಂಡರು.

"ಅದೆಲ್ಲಾ ಆತು," ಎಂದಳು. "ಯಾಕ ನೋಡಲಿಲ್ಲ ಅನ್ನೂದನ್ನ ಹೇಳು. ಇಲ್ಲೇ, ಎಲ್ಲಾರ ಮುಂದ."

ಹೂವಪ್ಪ ಈ ಸಲ ಕಾಲು ನೋಡಿಕೊಳ್ಳಲಿಲ್ಲ. ಆಕೆಯನ್ನೇ ನೋಡಿದ.

"ನಾಳೇನ ನಿನ್ನ ಬ್ಯಾರೆಯವರಿಗೆ ಕೊಡ್ತಾರ ಅಂತ ಕೇಳಿ ಕಣ್ಣಿಗೆ ಕತ್ತಲ ಬಂತು, ಅದಕ್ಕ. ನೀ ಇಲ್ಲದ ನನಗ ಆಗೂದಿಲ್ಲ ಅಡಿವೆವ್ವ. ಇದನ್ನ ಮದ್ಲ ಹೇಳಬೇಕಿತ್ತು. ಹೇಳಾಕ ಅಂಜಿದೆ."

ಹೊಳೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಪರಮೇಶಪ್ಪ ಮಗಳ ಮುಖ ನೋಡಿದ, ಹುಡುಗನ ಮುಖ ನೋಡಿದ. ಜಮಖಾನೆಯ ಅಂಚನ್ನು ಹೂವಪ್ಪನ ಕಡೆ ಸರಿಸಿದ.

"ಕುಂದರು," ಎಂದ. ಆಮೇಲೆ ಒಳಗೆ ಕೂಗಿದ, "ಚಾ ಇಡ್ರಿ ಎಲ್ಲಾರಿಗೂ. ಮತ್ತ ಮದುವಿ ಇಲ್ಲೇ, ನಮ್ಮ ಬಾಗಲ ಮುಂದ. ಎಲ್ಲಿಗೂ ಹೋಗೂದು ಬ್ಯಾಡ."

ಅಡಿವೆವ್ವ ಅಡುಗೆಮನೆಗೆ ಓಡಿ ಒಲೆಯ ಮುಂದೆ ಕುಕ್ಕರಿಸಿದಳು. ಊದುಗೊಳವೆ ಹಿಡಿದು ಒಂದೇ ಸಮನೆ ಊದಿದಳು. ಕಣ್ಣಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು. ಹಿಂದೆ ಬಂದ ಭರಮವ್ವ ಗಾಬರಿಯಾಗಿ ಮಗಳ ಗದ್ದ ಹಿಡಿದೆತ್ತಿದಳು.

"ಯಾಕವ್ವಾ, ಅಳಾಕತ್ತಿ? ಹೊಗಿ ಹತ್ತೇನು?"

"ಇಲ್ಲ," ಎಂದಳು ಅಡಿವೆವ್ವ. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. "ಸಿಟ್ಟು ಬಂದೈತಿ."