ಸುರಿಯದೇ ಉಳಿದ ನೀರು

ಚರ್ಚಿನ ಗುರುಗಳು ಪುಟ್ಟ ಡಬ್ಬಿಯಿಂದ ಪರಮಪ್ರಸಾದದ ರೊಟ್ಟಿಯನ್ನು ಎತ್ತಿ ಹಿಡಿದರು. ಹಾಸಿಗೆಯಲ್ಲಿದ್ದ ಅತ್ತೆ ತುಟಿ ಬಿಗಿದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು.

"ಬೇಡ."

ಲಕ್ವ ಹೊಡೆದ ಮೇಲೆ ಅವಳ ಮಾತೆಲ್ಲ ಬಾಯೊಳಗೇ ಕಲಸಿಹೋಗುತ್ತಿತ್ತು. ಆದರೆ ಈ ಒಂದು ಮಾತು ಮಾತ್ರ ಸ್ಪಷ್ಟವಾಗಿ ಬಂತು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಜಪದಮ್ಮ ಎಂದು. ಯಾರ ಮನೆಯಲ್ಲಿ ಸಾವಾಗಲಿ, ಕಾಯಿಲೆಯಾಗಲಿ, ಜಪಸರ ಹಿಡಿದು ಮೊದಲು ಮಂಡಿಯೂರುತ್ತಿದ್ದವಳು ಅವಳೇ. ಅಂಥವಳು ಈಗ ದೇವರನ್ನೇ ಬಾಗಿಲಿಂದ ವಾಪಸ್ ಕಳಿಸುತ್ತಿದ್ದಳು. ಗುರುಗಳು ಒತ್ತಾಯ ಮಾಡಲಿಲ್ಲ. ಡಬ್ಬಿ ಮುಚ್ಚಿ, ಅವಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಹೊರಟರು.

ಮಗ ವೈರಿಂಗ್ ಕೆಲಸದ ಚೀಲವನ್ನು ಹೆಗಲಿಗೇರಿಸಿಕೊಂಡವನು ಹಾಗೇ ನಿಂತುಬಿಟ್ಟ. "ಅಮ್ಮನಿಗೆ ಏನಾಗಿದೆ ಅಂತ?"

"ನಿಮ್ಮಮ್ಮನನ್ನೇ ಕೇಳಿ," ಎಂದಳು ಸೊಸೆ. ಅವನು ಕೇಳಲಿಲ್ಲ. ಅಮ್ಮ ಮತ್ತು ಹೆಂಡತಿಯ ನಡುವೆ ಬಾಯಿ ಬಿಡದೇ ಇರುವುದನ್ನು ಅವನು ಎಂದೋ ಅಭ್ಯಾಸ ಮಾಡಿಕೊಂಡಿದ್ದ.

ಸೊಸೆ ಈ ಧರ್ಮಕ್ಕೆ ಮದುವೆಯ ಮೂಲಕ ಬಂದವಳು. ಪ್ರೀತಿಸಿದವನಿಗಾಗಿ ಪಾಠ ಕಲಿತು, ತಲೆಬಾಗಿಸಿ ನೀರು ಸುರಿಸಿಕೊಂಡು ಜ್ಞಾನಸ್ನಾನ ಪಡೆದವಳು. ಕಲಿಯುತ್ತ ಕಲಿಯುತ್ತ ಶಿಲುಬೆಯ ಮೇಲಿನವನು ಅವಳಿಗೆ ನಿಜಕ್ಕೂ ಹತ್ತಿರದವನಾಗಿದ್ದ. ಅತ್ತೆಗೆ ಮಾತ್ರ ಅವಳು ಎಂದೆಂದಿಗೂ 'ನಿನ್ನೆ ಮೊನ್ನೆ ನೀರು ಹಾಕಿಸಿಕೊಂಡವಳು.' ಚೊಚ್ಚಲ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದಾಗ, "ಗುರುಗಳನ್ನು ಕರೆಸಿ, ಈಗಲೇ ಜ್ಞಾನಸ್ನಾನ ಕೊಡಿಸಿ" ಎಂದು ಇವಳು ಅತ್ತೆಯ ಕಾಲು ಹಿಡಿದಿದ್ದಳು. "ದೊಡ್ಡ ಮಗ ಬರಲಿ. ನಮ್ಮ ಮನೆಯ ಮೊದಲ ಮೊಮ್ಮಗು, ಕದ್ದುಮುಚ್ಚಿ ಮಾಡೋ ಕೆಲಸ ಅಲ್ಲ," ಎಂದಿದ್ದಳು ಅತ್ತೆ. ಗಂಡನ ಅಣ್ಣ ದೂರದ ಊರಿಂದ ಬರುವಷ್ಟರಲ್ಲಿ ಮಗು ಜ್ಞಾನಸ್ನಾನವಿಲ್ಲದೆಯೇ ಹೋಗಿಬಿಟ್ಟಿತ್ತು... ಮಗುವನ್ನು ಮಣ್ಣು ಮಾಡಿ ಮನೆಗೆ ಬಂದವರ ಮುಂದೆಯೇ ಅತ್ತೆ ಹೇಳಿದ್ದಳು: "ತಾಯಿಯ ನಂಬಿಕೆ ಗಟ್ಟಿಯಿದ್ದಿದ್ದರೆ ಮಗು ಉಳೀತಿತ್ತು." ಆಮೇಲೆ ಮತ್ತೆ ಮಡಿಲು ತುಂಬಲಿಲ್ಲ. ವರ್ಷಗಳು ಉರುಳಿದರೂ ಆ ಮಾತು ಮಾತ್ರ ಇವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದುಬಿಟ್ಟಿತ್ತು.

ಗಂಡ ಕೆಲಸಕ್ಕೆ ಹೋದ ಮೇಲೆ ಸೊಸೆ ಅತ್ತೆಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒದ್ದೆ ಚಾದರವನ್ನು ಬೆನ್ನಿನ ತನಕ ಸುರುಳಿ ಸುತ್ತಿ, ಒಣ ಚಾದರ ಹಾಸತೊಡಗಿದಳು. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ದಿನವಿಡೀ ಚಾದರ ಮಡಿಸುವವಳಿಗೆ ಇದೇನು ದೊಡ್ಡ ಕೆಲಸವಾಗಿರಲಿಲ್ಲ. ಆದರೆ ಇವತ್ತು ನಾಲಿಗೆ ತಡೆಯಲಾಗಲಿಲ್ಲ.

"ಊರಿಗೆಲ್ಲ ಜಪ ಹೇಳಿಕೊಟ್ಟವರು ಪ್ರಸಾದ ಬೇಡ ಅಂದ್ರಲ್ಲ, ಯಾರಿಗೆ ತೋರಿಸೋಕೆ ಈ ನಾಟಕ?"

ಅತ್ತೆ ಗೋಡೆಗೆ ಮುಖ ಮಾಡಿಕೊಂಡೇ ತೊದಲಿದಳು. ಆ ಕಲಸಿದ ಮಾತನ್ನು ಬಿಡಿಸಿಕೊಳ್ಳುವುದು ಸೊಸೆಗೆ ರೂಢಿಯಾಗಿತ್ತು. "ಅವತ್ತು... ಮಗು ಆಸ್ಪತ್ರೆಲಿದ್ದಾಗ ನರ್ಸ್ ಹೇಳಿದ್ಲು. ಗುರುಗಳಿಗೆ ಕಾಯಬೇಡಿ, ಜೀವಕ್ಕೆ ಅಪಾಯ ಇದ್ದಾಗ ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡಬಹುದು ಅಂತ. ನನಗೂ ಗೊತ್ತಿತ್ತು. ನೀರಿನ ಲೋಟ... ನನ್ನ ಕೈಯಲ್ಲೇ ಇತ್ತು."

ಸೊಸೆಯ ಕೈ ನಿಂತುಹೋಯಿತು. ಹಾಗಾದರೆ ತಾನೇ ಸುರಿಯಬಹುದಿತ್ತು. ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು...

"ಮತ್ತೆ ಯಾಕೆ ಹಾಕಲಿಲ್ಲ?"

"ಹಾಕಿದ್ರೆ ಮಗು ಉಳಿಯಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತೆ ಅಂತ ಭಯ. ಜ್ಞಾನಸ್ನಾನದ ಹಬ್ಬಕ್ಕೆ ಎಲ್ಲರನ್ನೂ ಕರೆದಾಗಿದೆ ಅನ್ನೋ ಜಂಬ ಬೇರೆ..."

"ಆಮೇಲೆ ತಪ್ಪನ್ನ ನನ್ನ ಮೇಲೆ ಹಾಕಿದ್ರಿ."

"ಯಾರ ಮೇಲಾದ್ರೂ ಹಾಕಬೇಕಿತ್ತು." ಅತ್ತೆಯ ಓರೆಯಾದ ಬಾಯಿಂದ ಜೊಲ್ಲು ದಿಂಬಿಗೆ ಇಳಿಯಿತು. "ಇದನ್ನ ನಿನಗೆ ಹೇಳದೆ ಗುರುಗಳ ಮುಂದೆ ಪಾಪ ಅಂತ ಹೇಗೆ ಒಪ್ಪಿಕೊಳ್ಳಲಿ? ಒಪ್ಪಿಕೊಳ್ಳದೆ ಪ್ರಸಾದ ಹೇಗೆ ತಗೊಳ್ಳಲಿ? ಇಷ್ಟು ವರ್ಷ ತಗೊಂಡೆ. ಈಗ ಆಗ್ತಿಲ್ಲ."

ಸೊಸೆ ಅರ್ಧ ಹಾಸಿದ್ದ ಚಾದರವನ್ನು ಪೂರ್ತಿ ಎಳೆದು, ಅಂಚು ಸಿಕ್ಕಿಸಿ, ಪಕ್ಕದ ಮನೆಯಾಕೆಗೆ ಹೇಳಿ ಕೆಲಸಕ್ಕೆ ಹೊರಟಳು. ಲಾಂಡ್ರಿಯ ಹಬೆಯಲ್ಲಿ ಅವಳ ಕಣ್ಣೀರು ಯಾರಿಗೂ ಕಾಣಲಿಲ್ಲ. ಹೀಗೇ ಹೋಗಲಿ ಅವಳು, ದೇವರೇ, ಬಾಯಿಗೆ ನಿನ್ನ ತುತ್ತೂ ಬೀಳದೆ ಹೋಗಲಿ... ಎಂದು ಬೇಡಿಕೊಂಡಳು. ಇಷ್ಟು ಏಕಾಗ್ರತೆಯಿಂದ ತಾನು ಹಿಂದೆಂದೂ ಪ್ರಾರ್ಥಿಸಿರಲಿಲ್ಲ ಎಂದು ಹೊಳೆದಾಗ ಮಡಿಸುತ್ತಿದ್ದ ಚಾದರವನ್ನು ಕೆಳಗಿಟ್ಟುಬಿಟ್ಟಳು.

ಸಂಜೆ ಕಾಲುಗಳು ತಾವಾಗಿಯೇ ಚರ್ಚಿನತ್ತ ಹೋದವು. ಗುರುಗಳು ಬಲಿಪೀಠದ ಬಳಿ ಒಣಗಿದ ಹೂ ತೆಗೆಯುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕುಳಿತು ಅವಳು ಎಲ್ಲವನ್ನೂ ಹೇಳಿದಳು. ಬೇಡಿಕೊಂಡದ್ದನ್ನೂ ಮುಚ್ಚಿಡಲಿಲ್ಲ.

"ಕ್ಷಮಿಸೋಕೆ ಆಗ್ತಿಲ್ಲ ಫಾದರ್. ನನ್ನ ನಂಬಿಕೆ ನಿಜವಾಗ್ಲೂ ಟೊಳ್ಳೇನೋ."

"ಟೊಳ್ಳಾಗಿದ್ದಿದ್ರೆ ಇದನ್ನ ಇಲ್ಲಿ ತಂದು ಇಡ್ತಿರಲಿಲ್ಲಮ್ಮ. ಕ್ಷಮೆ ಅಂದ್ರೆ ನೋವು ಮಾಯವಾಗೋದಲ್ಲ. ಅವರಿಗೆ ಕೆಡುಕಾಗಲಿ ಅನ್ನೋದನ್ನ ಬಿಡು. ಅಲ್ಲಿಂದ ಶುರು ಮಾಡು. ನಾಳೆ ಮತ್ತೆ ಬಿಡಬೇಕಾಗುತ್ತೆ, ನಾಡಿದ್ದೂ."

ಅವಳು ಇಷ್ಟು ವರ್ಷ ಕೇಳಲು ಹೆದರಿದ್ದನ್ನು ಕೊನೆಗೂ ಕೇಳಿದಳು. "ನನ್ನ ಮಗು ಎಲ್ಲಿದೆ ಫಾದರ್? ಜ್ಞಾನಸ್ನಾನ ಇಲ್ಲದೆ ಹೋದದ್ದು ಸ್ವರ್ಗ ಸೇರಿರುತ್ತಾ?"

ಗುರುಗಳು ಹೂಗಳನ್ನು ಕೆಳಗಿಟ್ಟು ಅವಳ ಪಕ್ಕ ಬಂದು ಕುಳಿತರು. "ಜ್ಞಾನಸ್ನಾನ ದೇವರು ನಮಗೆ ಕೊಟ್ಟ ದಾರಿ. ಆ ದಾರಿ ಅವನ ಕೈಯನ್ನ ಕಟ್ಟಿಹಾಕಲ್ಲ. ಅಂಥ ಮಕ್ಕಳನ್ನ ಧರ್ಮಸಭೆ ಅವನ ಕರುಣೆಗೆ ಒಪ್ಪಿಸುತ್ತೆ. ನಾನೂ ಒಪ್ಪಿಸಿದ್ದೀನಿ."

"ಖಂಡಿತವಾಗಿ ಗೊತ್ತಾ?"

"ಗೊತ್ತು ಅನ್ನಲಾರೆ. ಭರವಸೆ ಇದೆ."

ಸಮಾಧಾನಕ್ಕೆಂದು ಸುಳ್ಳು ಹೇಳಲಿಲ್ಲವಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನವಾಯಿತು.

ಮನೆಗೆ ಬಂದಾಗ ಅತ್ತೆ ಎಚ್ಚರವಾಗಿದ್ದಳು. ಸೊಸೆ ಗಂಜಿ ಕುಡಿಸಿ, ಬಾಯಿ ಒರೆಸಿ, ಸ್ಟೂಲು ಎಳೆದುಕೊಂಡು ಕುಳಿತಳು.

"ಕ್ಷಮಿಸಿದ್ಯಾ?" ಅತ್ತೆಯ ಸ್ವರ ಉಡುಗಿತ್ತು.

"ಇನ್ನೂ ಇಲ್ಲ ಅತ್ತೆ. ಸುಳ್ಳು ಹೇಳಲ್ಲ. ನೀವು ಪ್ರಸಾದ ಇಲ್ಲದೆ ಹೋಗಲಿ ಅಂತ ಇವತ್ತು ದೇವರ ಹತ್ತಿರ ಕೇಳಿಕೊಂಡಿದ್ದೆ. ಆ ಮಾತು ವಾಪಸ್ ತಗೊಂಡಿದ್ದೀನಿ. ನಾಳೆ ಗುರುಗಳು ಬರ್ತಾರೆ. ನೀವು ಪಾಪನಿವೇದನೆ ಮಾಡಿ. ನನ್ನ ಲೆಕ್ಕ ತೀರಿಲ್ಲ ಅಂತ ನೀವು ಹಸಿದಿರೋದು ಬೇಡ."

ಮರುದಿನ ಗುರುಗಳು ನಿವೇದನೆ ಕೇಳಲು ಒಳಗೆ ಬಾಗಿಲು ಮುಚ್ಚಿಕೊಂಡಾಗ ಸೊಸೆ ಗಂಡನನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಅವನು ತಲೆ ತಗ್ಗಿಸಿದ. "ಅವತ್ತು ಅಮ್ಮ ನಿನ್ನನ್ನ ಅಂದಾಗ ನಾನು ಅಲ್ಲೇ ಇದ್ದೆ," ಎಂದ. "ಒಂದು ಮಾತೂ ಆಡಲಿಲ್ಲ." ಅವನು ಅಳುವುದನ್ನು ಮದುವೆಯಾದ ಮೇಲೆ ಅವಳು ನೋಡಿದ್ದು ಅದೇ ಮೊದಲು. ಬಾಗಿಲು ತೆರೆದಾಗ ಇಬ್ಬರೂ ಒಳಗೆ ಹೋಗಿ ಮಂಡಿಯೂರಿದರು. ಅತ್ತೆ ಹಕ್ಕಿಮರಿಯಂತೆ ಬಾಯಿ ತೆರೆದು ಪ್ರಸಾದ ಸ್ವೀಕರಿಸಿದಳು.

ಎಲ್ಲ ಸರಿಹೋಯಿತು ಎನ್ನಲಾಗದು. ಕೆಲವು ಬೆಳಿಗ್ಗೆ ಸಿಟ್ಟು ಮತ್ತೆ ಉಕ್ಕುತ್ತಿತ್ತು. ಆಗ ಸೊಸೆ ಚಾದರ ಕೈಯಲ್ಲಿ ಹಿಡಿದೇ ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಅತ್ತೆಯನ್ನು ಹೊರಳಿಸುತ್ತಿದ್ದಳು. ಅಂಥದೇ ಒಂದು ಬೆಳಿಗ್ಗೆ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಮಗುವಿಗೆ... ಹೆಸರು ಏನಂತ ಅಂದ್ಕೊಂಡಿದ್ದೆ?"

ಆ ಹೆಸರನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಕೇಳಿದವರೂ ಇರಲಿಲ್ಲ. ಅವಳು ಬಗ್ಗಿ, ಅತ್ತೆಯ ಕಿವಿಯ ಬಳಿ ಬಾಯಿಟ್ಟು ಮೆಲ್ಲಗೆ ಹೇಳಿದಳು. ಮುದುಕಿ ಅದನ್ನು ತನ್ನ ಸೊಟ್ಟ ನಾಲಿಗೆಯ ಮೇಲೆ ತಂದುಕೊಳ್ಳಲು ನೋಡಿದಳು. ಅಕ್ಷರ ತಪ್ಪಿತು.

"ಹಾಗಲ್ಲ ಅತ್ತೆ," ಎಂದು ಸೊಸೆ ಹಾಸಿಗೆಯ ಅಂಚಿನಲ್ಲಿ ಕುಳಿತು, ಇನ್ನೊಮ್ಮೆ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು.