ಹನ್ನೊಂದು ಸೆಕೆಂಡ್

“ಎಣ್ಣಿ ಹಚ್ಚಬ್ಯಾಡ್ರಿ ಅಂತ ಫೋನಿನ್ಯಾಗ ಎರಡ್ ಸಲ ಹೇಳಿದ್ದೆ. ಇದೇನ್ರಿ, ಪಾವ್ ಕಿಲೋ ಸುರುವೀರಿ?”

ದವಾಖಾನೆಯ ಮಷಿನ್ ನಡೆಸುವ ಶಾಯಿಸ್ತಾ ಮೇಡಂ ಮೂರನೇ ಸಲ ಶಾಂಪೂ ಹಾಕಿ ಪೂನಂ ತಲೆ ತೊಳೆಯುತ್ತಿದ್ದರು. ಅಪ್ಪ ಕಲ್ಲಿನಾಥ ಗೋಡೆಗೆ ಅಂಟಿಕೊಂಡು ನಿಂತಿದ್ದ.

“ನಮ್ಮವ್ವ ಹಚ್ಯಾಳ್ರಿ. ಒಣಾ ತಲೀಲೆ ದವಾಖಾನಿಗೆ ಹೋದ್ರ ಮಂದಿ ಏನಂತಾರ ಅಂತ.”

“ಮಷಿನ್‌ಗೆ ಮಂದಿ ಗೊತ್ತಿಲ್ರಿ. ಎಣ್ಣಿ ಇದ್ರ ವೈರ್ ನಿಲ್ಲಂಗಿಲ್ಲ.”

ಪೂನಂಗೆ ಒಳಗೊಳಗೇ ಖುಷಿ. ಬೈಸಿಕೊಳ್ಳುವ ಸರದಿ ಇವತ್ತು ಬೇರೆಯವರದು.

ಮೋರಖಂಡಿ ಶಾಲೆಯ ಐದನೇ ಕ್ಲಾಸಿನಲ್ಲಿ ಆ ಸರದಿ ಯಾವಾಗಲೂ ಅವಳದೇ. ಡಿಕ್ಟೇಷನ್‌ನಲ್ಲಿ ನಾಲ್ಕು ಪದ ಬಿಟ್ಟರೆ ಸಾಕು, “ಮಹಾರಾಣಿ ಕನಸಿನ್ಯಾಗ ಹೋದ್ಳು” ಎನ್ನುತ್ತಿದ್ದರು ಗುರುಲಿಂಗ ಸರ್. ಕ್ಲಾಸು ಹೊಟ್ಟೆ ಹಿಡಿದು ನಗುತ್ತಿತ್ತು. ಸರ್ ಆ ಪದಗಳನ್ನು ಹೇಳೇ ಇಲ್ಲ ಎಂಬುದು ಪೂನಂ ವಾದ. ಮೂವತ್ತು ಮಂದಿಗೆ ಕೇಳಿಸಿದೆಯಂತೆ! ಮೂವತ್ತೂ ಸುಳ್ಳುಬುರುಕರು.

ಹೀಗೇ ಆದರೆ ನಾಲ್ಕನೇ ಕ್ಲಾಸಿನಲ್ಲಿ ಕೂರಿಸುತ್ತೇನೆ ಎಂದು ಸರ್ ಕಳೆದ ವಾರ ಹೇಳಿದರು. ಅವತ್ತು ಸಂಜೆ ಅಪ್ಪ ಬೆನ್ನಿಗೊಂದು ಕೊಟ್ಟ. ಶಾಲೆಗೆ ತಪಾಸಣೆಗೆ ಬಂದಿದ್ದ ಡಾಕ್ಟರು ಮಾತ್ರ ಬೈಯದೆ ಹುಮನಾಬಾದಿಗೆ ಚೀಟಿ ಬರೆದುಕೊಟ್ಟರು. ಮಕ್ಕಳ ಮೂರ್ಛೆಯ ಬಗ್ಗೆ ಸಂಶೋಧನೆ ನಡೆಸುವ ತಂಡವೊಂದು ಅಲ್ಲಿ ಬಂದು ಇಳಿದಿತ್ತು.

“ನಾ ಒಂದಿನಾನೂ ಬಿದ್ದಿಲ್ಲ. ಮೂರ್ಛಿ ಹ್ಯಾಂಗಾಗ್ತದ?” ಪೂನಂ ಮೂಗು ಮುರಿದಳು.

ಮೇಡಂ ಒಂದೊಂದೇ ವೈರನ್ನು ತಲೆಗೆ ಅಂಟಿಸಿದರು. ಒಟ್ಟು ಇಪ್ಪತ್ತೊಂದು.

“ಕರೆಂಟ್ ಹೊಡೀತದೇನ್ರಿ?”

“ಇಲ್ಲ ಬೇಟಿ. ಇದು ಏನೂ ಕೊಡಂಗಿಲ್ಲ. ಮೆದುಳಿನ್ಯಾಗ ನಡ್ಯಾದ್ನ ಬರೇ ಬರ್ಕೋತದ.”

ಆಮೇಲೆ ಒಂದು ಕಾಗದದ ಗಿರಗಿಟ್ಲೆ ಕೈಗೆ ಬಂತು. ಮೂರು ನಿಮಿಷ ಜೋರಾಗಿ ಊದಬೇಕಂತೆ.

“ಇಷ್ಟ್ ದೂರ ಬಸ್ಸಿನ್ಯಾಗ ಬಂದಿದ್ದು ಗಿರಗಿಟ್ಲಿ ಊದಾಕೇನ್ರಿ?”

“ಹಾಂ, ಅದಕ್ಕೇ. ಊದು.”

ಊದಿದಳು. ಗಿರಗಿಟ್ಲೆ ಗರಗರ ತಿರುಗಿತು. ಬಾಯಿ ಒಣಗಿತು.

“ಬಸ್, ಸಾಕು. ನಡುವ ನಾ ಒಂದ್ ಪ್ರಾಣಿ ಹೆಸರ ಹೇಳಿದೆ. ಯಾವ್ದು?”

“ಹೇಳೇ ಇಲ್ರಿ!”

ಇವರೂ ಗುರುಲಿಂಗ ಸರ್ ಜಾತಿಯವರೇ. ಪೂನಂ ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಇವ್ರು ಹೇಳ್ಯಾರೇನು?”

ಅಪ್ಪ ಗೋಡೆ ಬಿಟ್ಟು ಅವಳ ಹತ್ತಿರವೇ ನಿಂತಿದ್ದ.

“ಒಂಟಿ,” ಎಂದ. “ಎರಡ್ ಸಲ ಹೇಳಿದ್ರು. ನೀ ಊದೂದ ಬಿಟ್ಟಿದ್ದಿ, ಪೂನಂ. ಕಣ್ಣ ತೆರದೇ ಇತ್ತು. ನಾ ಮುಂದ ಬಂದು ಕೈ ಆಡಿಸ್ದೆ. ನೀ ನನ್ನ ನೋಡ್ಲಿಲ್ಲ.”

ಮೇಡಂ ಪರದೆಯತ್ತ ಬೆರಳು ತೋರಿಸಿದರು. ಸಣ್ಣಗೆ ನಡುಗುತ್ತಿದ್ದ ಗೆರೆಗಳು ಒಂದು ಕಡೆ ಎಲ್ಲವೂ ಒಟ್ಟಿಗೇ ಎದ್ದು ಚೂಪಾಗಿದ್ದವು. ಸೆಕೆಂಡಿಗೆ ಮೂರು ಸಲ, ಹನ್ನೊಂದು ಸೆಕೆಂಡ್.

“ಬೀಳಲಾರದ ಮೂರ್ಛಿನೂ ಇರ್ತದ. ಜೋರ್ ಊದಿದ್ರ ಅದು ಕಾಣಸ್ಕೋತದ. ಪಕ್ಕಾ ಏನಂತ ಡಾಕ್ಟರ್ ಹೇಳ್ತಾರ. ಇದಕ್ಕ ಗುಳಗಿ ಅದಾವ. ನಿಮ್ಮ ಶಾಲಿ ಸರ್‌ಗೂ ತಿಳಿಯೂಹಂಗ ಅವ್ರೇ ಚೀಟಿ ಬರೀತಾರ.”

“ನಾನೂ ನಾಟಕ ಅಂದ್ಕೊಂಡಿದ್ದೆ ನೋಡ್ರಿ,” ಎಂದ ಅಪ್ಪ, ನೆಲ ನೋಡುತ್ತ.

ಚುಚ್ಚಿ ಮಾತಾಡಲು ಪೂನಂಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅವಳ ನೆನಪಿನಲ್ಲಿ ಗಿರಗಿಟ್ಲೆ ಒಂದು ಸಲವೂ ನಿಂತಿರಲಿಲ್ಲ; ಅಪ್ಪ ಅದು ನಿಂತದ್ದನ್ನು ಕಣ್ಣಾರೆ ಕಂಡಿದ್ದ. ಹಾಗಾದರೆ ಆ ಮೂವತ್ತು ಮಂದಿ ಸುಳ್ಳು ಹೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಚೂಪು ಗೆರೆಗಳು ಮುಗಿದು ಮತ್ತೆ ಸಣ್ಣಗಾದ ಜಾಗದ ಮೇಲೆ ಅವಳು ಬೆರಳಿಟ್ಟಳು.

“ಮೇಡಂ, ನಾ ವಾಪಸ್ ಬಂದಿದ್ದು ಇಲ್ಲೇನ್ರಿ?”